ಒಂದು ದಪ್ಪ ಅಕ್ಷರದ ಚರಿತ್ರೆ

ಕಣ್ಣಿಗೆ ಕಾಣಬೇಕಾದುದನ್ನು ಕಿವಿಗೆ ಹೇಳಬೇಕಾದ ಕಷ್ಟ ಇಂದು ನನ್ನ ಪಾಲಿಗೆ ಬಂದಿದೆ. ನಾನು ಮಾತನಾಡಹೊರಟಿರುವುದು ಒಂದು ಅಕ್ಷರದ ರೂಪವನ್ನು ಕುರಿತು. ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಆದರೂ ಈ ಅಕ್ಷರ ಕೇಳುಗರಲ್ಲಿ ಬಹುಮಂದಿಗೆ ಹೆಸರಿನಿಂದಲ್ಲದಿದ್ದರೂ ಮುಖದಿಂದ ಪರಿಚಯವಿದ್ದೀತೆಂಬ ಧೈರ್ಯ ನನಗುಂಟು. ಅದು ಇಂಗ್ಲಿಷ್ ಲಿಪಿಯ ಅಚ್ಚಕ್ಷರ. ಎಣ್ಣೆಯಲ್ಲಿ ಆಗತಾನೇ ಉಬ್ಬಿದ ಪೂರಿಯಂತೆ ಮೈದುಂಬಿಕೊಂಡದ್ದು; ಎಲ್ಲಿಯೂ ಚೂಪು ಮೂಲೆಯಿಲ್ಲದ, ಮೊಂಡು ಅಂಚಿನ, ಕಪ್ಪನೆಯ ದಪ್ಪ ಅಕ್ಷರ. ಅಂಗಡಿಯ ಹಲಗೆಯ ಮೇಲೆ, ಬನಿಯನ್ನಿನ ಎದೆಯ ಮೇಲೆ, ಹಳೆಯ ಗ್ರಾಮಫೋನ್ ತಟ್ಟೆಗಳ ಹೊದಿಕೆಯ ಮೇಲೆ ಅದನ್ನು ನೀವು ನೋಡಿರುತ್ತೀರಿ. ಅದರ ಹೆಸರು ಕೂಪರ್ ಬ್ಲ್ಯಾಕ್.

ಆ ಹೆಸರನ್ನು ನನಗೆ ತಿಳಿಸಿದವಳು ನನ್ನ ಮೊಮ್ಮಗಳು. ಶಾಲೆಯ ಯಾವುದೋ ಸಮಾರಂಭಕ್ಕೆ ಅವಳು ಕಂಪ್ಯೂಟರಿನಲ್ಲಿ ಒಂದು ಭಿತ್ತಿಪತ್ರವನ್ನು ಸಿದ್ಧಪಡಿಸುತ್ತಿದ್ದಳು. ಅಕ್ಷರಗಳ ಪಟ್ಟಿಯಿಂದ ಇದನ್ನು ಆರಿಸಿ, "ತಾತ, ಇದು ಹಳೆಯ ಕಾಲದ ಹಾಗೆ ಕಾಣುತ್ತದೆ, ಅದಕ್ಕೇ ಚೆನ್ನ" ಎಂದಳು. ಯಾವ ಹಳೆಯ ಕಾಲ ಎಂದು ನಾನು ಕೇಳಿದೆ. ಅವಳಿಗೆ ತಿಳಿಯದು. ನನಗೂ ಅಂದು ಸರಿಯಾಗಿ ತಿಳಿದಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಹೊರಟ ನನಗೆ ದೊರೆತ ಕಥೆಯೇ ಇಂದಿನ ಭಾಷಣದ ವಸ್ತು. ಈ ಕಥೆಯಲ್ಲಿ ನನ್ನದೇ ಒಂದು ಹಳೆಯ ತಪ್ಪಿನ ಲೆಕ್ಕವೂ ಸೇರಿಕೊಂಡಿದೆ. ಅದನ್ನು ಕೊನೆಗೆ ಒಪ್ಪಿಸುತ್ತೇನೆ.

ಮೊದಲು ದಪ್ಪ ಅಕ್ಷರ ಎಂಬುದೇ ಹೇಗೆ ಹುಟ್ಟಿತೆಂಬುದನ್ನು ನೋಡೋಣ. ಯೂರೋಪಿನಲ್ಲಿ ಅಚ್ಚಿನ ಮೊಳೆ ಬಂದ ಮೇಲೆ ಸುಮಾರು ಮೂರೂವರೆ ಶತಮಾನಗಳ ಕಾಲ ಅಕ್ಷರವೆಂದರೆ ಬಹುಮಟ್ಟಿಗೆ ಪುಸ್ತಕದ ಅಕ್ಷರವೇ. ಓದುಗನು ಪುಸ್ತಕವನ್ನು ಕೈಯಲ್ಲಿ ಹಿಡಿದು, ತಾನಾಗಿ ಕಣ್ಣಿಟ್ಟು ಓದುತ್ತಿದ್ದ. ಅವನನ್ನು ಕೂಗಿ ಕರೆಯಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ ನಗರದ ಬೀದಿಗಳು ಬೇರೆಯಾದವು. ಸರಕು ಹೆಚ್ಚಿತು, ನಾಟಕಶಾಲೆಗಳು ಹೆಚ್ಚಿದವು, ಸರ್ಕಾರಿ ಲಾಟರಿಯ ಚೀಟಿ ಮಾರುವವರ ಪೈಪೋಟಿ ಹೆಚ್ಚಿತು. ೧೮೨೬ರಲ್ಲಿ ಆ ಲಾಟರಿ ನಿಲ್ಲುವವರೆಗೂ ಅದರ ಪ್ರಕಟಣೆಗಳು ಗೋಡೆಗಳನ್ನು ತುಂಬಿದ್ದವು. ದಾರಿಹೋಕನು ನಿಲ್ಲುವವನಲ್ಲ, ಅವನನ್ನು ನಿಲ್ಲಿಸಬೇಕು. ರಾಬರ್ಟ್ ಥಾರ್ನ್ ಮೊದಲಾದ ಎರಕದವರು ಪುಸ್ತಕದ ಅಕ್ಷರವನ್ನೇ ಹಿಡಿದು, ಅದರ ದಪ್ಪ ಗೆರೆಯನ್ನು ಇನ್ನೂ ದಪ್ಪವಾಗಿಸಿ ಕೊಬ್ಬಿದ ಅಕ್ಷರಗಳನ್ನು ಹೊರತಂದರು. ೧೮೧೬ರಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಕುಚ್ಚುಗಳೇ ಇಲ್ಲದ ಬೋಳು ಅಕ್ಷರವನ್ನು ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದ. ಅಕ್ಷರವು ಪಿಸುಮಾತನ್ನು ಬಿಟ್ಟು ಕೂಗಲು ಕಲಿತದ್ದು ಹೀಗೆ.

ಆದರೆ ಸೀಸಕ್ಕೆ ತನ್ನದೇ ಮಿತಿಯುಂಟು. ಅಂಗೈಯಗಲದ ಸೀಸದ ಮೊಳೆ ಎತ್ತಲಾರದಷ್ಟು ಭಾರ, ಬೆಲೆಯೂ ಹೆಚ್ಚು, ಆರುವಾಗ ಅದರ ಮುಖ ಸಮನಾಗಿ ಉಳಿಯುವುದೂ ಕಷ್ಟ. ಈ ತೊಡಕನ್ನು ಬಿಡಿಸಿದ್ದು ಅಮೆರಿಕ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬಾತ ೧೮೨೭ರಲ್ಲಿ ಯಂತ್ರದ ನೆರವಿನಿಂದ ಮರದ ಅಕ್ಷರಗಳನ್ನು ಕೊರೆಯುವ ವಿಧಾನವನ್ನು ಕಂಡುಹಿಡಿದ. ೧೮೩೪ರಲ್ಲಿ ವಿಲಿಯಂ ಲೆವೆನ್‌ವರ್ತ್ ಆ ಯಂತ್ರಕ್ಕೆ, ಒಂದು ಮಾದರಿಯಿಂದ ಹಲವು ಅಳತೆಯ ಪ್ರತಿಗಳನ್ನು ತೆಗೆಯುವ ಸಾಧನವನ್ನು ಜೋಡಿಸಿದ. ಅಲ್ಲಿಂದ ಮುಂದೆ ಸರ್ಕಸ್ಸು, ಹರಾಜು, ಚುನಾವಣೆ, ಕಳ್ಳರನ್ನು ಹಿಡಿದುಕೊಟ್ಟವರಿಗೆ ಬಹುಮಾನ—ಎಲ್ಲವೂ ಮಾರುದ್ದದ ಮರದ ಅಕ್ಷರಗಳಲ್ಲಿ ಗೋಡೆ ಏರಿದವು. ಒಂದೊಂದು ಹಾಳೆಯಲ್ಲಿ ಹತ್ತಾರು ಬಗೆಯ ಅಕ್ಷರಗಳು. ಎಲ್ಲವೂ ಒಟ್ಟಿಗೆ ಕೂಗುವ ಸಂತೆಯ ಗದ್ದಲ. ಸುಸಂಸ್ಕೃತರು ಮೂಗು ಮುರಿದುದರಲ್ಲಿ ಆಶ್ಚರ್ಯವಿಲ್ಲ.

ಈ ಗದ್ದಲಕ್ಕೆ ಪ್ರತಿಭಟನೆಯಾಗಿ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ೧೮೯೧ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ತೆರೆದ. ಹದಿನೈದನೆಯ ಶತಮಾನದ ವೆನಿಸ್ ನಗರದಲ್ಲಿ ನಿಕೊಲಾ ಜೆನ್ಸನ್ ಮಾಡಿದ್ದ ಅಕ್ಷರಗಳ ಕಡೆಗೆ ಮತ್ತೆ ತಿರುಗಿದ. ಹಳೆಯದನ್ನು ಹೊಸದಾಗಿ ಮಾಡುವ ಈ ಹಂಬಲ ಸಮುದ್ರ ದಾಟಿ ಚಿಕಾಗೊ ನಗರವನ್ನು ತಲುಪಿತು. ಲೆಕ್ಕ ಬರೆಯುವ ಗುಮಾಸ್ತಿಕೆಯನ್ನು ಬಿಟ್ಟು ಅಕ್ಷರಗಳ ಬೆನ್ನು ಹತ್ತಿದ್ದ ಫ್ರೆಡೆರಿಕ್ ಗೌಡಿ ಅಲ್ಲಿದ್ದ. ಪತ್ರಿಕಾ ಚಿತ್ರಕಾರ ಫ್ರಾಂಕ್ ಹೋಮ್ ನಡೆಸುತ್ತಿದ್ದ ಚಿತ್ರಕಲಾಶಾಲೆಯಲ್ಲಿ ಗೌಡಿ ಅಕ್ಷರಬರವಣಿಗೆಯನ್ನು ಕಲಿಸುತ್ತಿದ್ದ. ಆ ಶಾಲೆಗೆ ಬಂದ ವಿದ್ಯಾರ್ಥಿಗಳಲ್ಲಿ ಒಬ್ಬನೇ ನಮ್ಮ ಕಥಾನಾಯಕ, ಆಸ್ವಾಲ್ಡ್ ಬ್ರೂಸ್ ಕೂಪರ್.

ಕೂಪರ್ ಹುಟ್ಟಿದ್ದು ೧೮೭೯ರಲ್ಲಿ, ಒಹಾಯೊ ಸಂಸ್ಥಾನದ ಮೌಂಟ್ ಗಿಲಿಯಡ್ ಎಂಬ ಊರಿನಲ್ಲಿ. ಬೆಳೆದದ್ದು ಕಾನ್ಸಾಸಿನ ಕಾಫೀವಿಲ್‌ನಲ್ಲಿ. ಹದಿಹರೆಯದಲ್ಲೇ ಶಾಲೆ ಬಿಟ್ಟು ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದ. ಚಿತ್ರಕಾರನಾಗಬೇಕೆಂಬ ಆಸೆಯಿಂದ ಚಿಕಾಗೊಗೆ ಬಂದ. ಚಿತ್ರ ತನಗೆ ಒಲಿಯದೆಂಬುದು ಅಲ್ಲಿ ತಿಳಿಯಿತು. ಆದರೆ ಗೌಡಿಯ ತರಗತಿಯಲ್ಲಿ ಅಕ್ಷರ ಒಲಿಯಿತು. ೧೯೦೪ರಲ್ಲಿ ಫ್ರೆಡ್ ಬರ್ಟ್ಷ್ ಎಂಬ ಗೆಳೆಯನೊಡನೆ ಕೂಡಿ ಜಾಹೀರಾತುಗಳ ಅಕ್ಷರ ಹಾಗೂ ವಿನ್ಯಾಸದ ಸಂಸ್ಥೆಯೊಂದನ್ನು ಕಟ್ಟಿದ. ವ್ಯವಹಾರ ಬರ್ಟ್ಷನದು, ಕುಂಚ ಕೂಪರನದು. ಪ್ಯಾಕರ್ಡ್ ಮೋಟಾರು ಕಂಪನಿಯ ಜಾಹೀರಾತುಗಳಿಗೆ ಅವನು ಕೈಯಿಂದ ಬರೆದ ಅಕ್ಷರಗಳು ಎಷ್ಟು ಮೆಚ್ಚುಗೆ ಪಡೆದವೆಂದರೆ, ೧೯೧೩ರಲ್ಲಿ ಅಮೆರಿಕದ ದೊಡ್ಡ ಎರಕದ ಸಂಸ್ಥೆಯೊಂದು ಅವನ್ನೇ ಅನುಸರಿಸಿ ಅಚ್ಚುಮೊಳೆಗಳನ್ನು ಹೊರತಂದಿತು.

ಚಿಕಾಗೊ ನಗರದಲ್ಲಿಯೇ ಇದ್ದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಎರಕದ ಸಂಸ್ಥೆಗಾಗಿ ಅವನು ರಚಿಸಿದ ಪುಸ್ತಕದ ಅಕ್ಷರ ೧೯೧೯ರಲ್ಲಿ ಬಂತು. ಅದರ ಕುಚ್ಚುಗಳು ಚೂಪಾಗಿರದೆ ಗುಂಡಾಗಿದ್ದವು. ಆ ಗುಂಡುತನವನ್ನೇ ತುಂಬಿಸಿ, ಮೈಯನ್ನು ಕೊಬ್ಬಿಸಿ ೧೯೨೨ರಲ್ಲಿ ಹೊರಬಂದದ್ದು ಕೂಪರ್ ಬ್ಲ್ಯಾಕ್.

ಈಗ ಆ ಅಕ್ಷರದ ಒಳಗುಟ್ಟನ್ನು ಸ್ವಲ್ಪ ವಿವರಿಸಬೇಕು. ಇಂಗ್ಲಿಷಿನ 'ಓ' ಅಕ್ಷರವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಕೂಪರನ 'ಓ'ದಲ್ಲಿ ಒಳಗಿನ ಕಣ್ಣು ಬಹಳ ಚಿಕ್ಕದು. ಅದು ನೆಟ್ಟಗೆ ನಿಲ್ಲದೆ ತುಸು ಹಿಂದಕ್ಕೆ ವಾಲಿದೆ, ಹೊಟ್ಟೆ ತುಂಬ ಉಂಡು ಆರಾಮಕುರ್ಚಿಗೆ ಒರಗಿದವನ ಹಾಗೆ. ಆ ವಾಲಿಕೆ ಲೇಖನಿಯ ಓರೆ ಹಿಡಿತದ ಗುರುತು. ಹಳೆಯ ವೆನಿಸಿನ ಅಕ್ಷರಗಳಿಂದ ಬಂದ ಆಸ್ತಿ. ಸಾಮಾನ್ಯವಾಗಿ ಅಕ್ಷರದ ಪಾದಗಳು ಚಪ್ಪಟೆಯಾಗಿ ಗೆರೆಯ ಮೇಲೆ ಕೂರುತ್ತವೆ. ಇಲ್ಲಿ ಪಾದಗಳೂ ಉಬ್ಬಿವೆ. ಚಪ್ಪಟೆ ಎನ್ನುವುದೇ ಹೆಚ್ಚು ಕಾಣದು. ಇನ್ನೊಂದು ಮಾತು: ಗೆರೆಯಿಂದ ಕೆಳಗಿಳಿಯುವ ಬಾಲಗಳನ್ನು ಕೂಪರ್ ಬಹಳ ಮೊಟಕುಗೊಳಿಸಿದ. ಅದರಿಂದ ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ಇದ್ದಷ್ಟೇ ಜಾಗದಲ್ಲಿ ಹೆಚ್ಚು ದೊಡ್ಡ ಅಕ್ಷರವನ್ನು ಕೂರಿಸಬಹುದು.

ಇದರ ಫಲವೇನು? ಚೂಪು ಮೂಲೆಯಿರುವ ಅಕ್ಷರ ತಪ್ಪನ್ನು ಸಹಿಸುವುದಿಲ್ಲ. ಗೆರೆ ಒಂದು ಕೂದಲೆಳೆಯಷ್ಟು ಓರೆಯಾದರೂ ಕಣ್ಣು ಹಿಡಿಯುತ್ತದೆ. ಮಸಿ ಹೆಚ್ಚಾದರೆ ಮೂಲೆ ಕೆಡುತ್ತದೆ. ಮೊಳೆ ಸವೆದರೆ ಅಂಚು ಮುರಿದದ್ದು ಕಾಣುತ್ತದೆ. ಕೂಪರನ ಅಕ್ಷರ ಮೊದಲೇ ಸವೆದಂತಿದೆ, ಮೊದಲೇ ಮಸಿ ಹರಡಿದಂತಿದೆ. ಒರಟು ಕಾಗದ, ಹಳೆಯ ಯಂತ್ರ, ಎಳೆಯ ಕೈ—ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ದಪ್ಪವಾಗಿದ್ದೂ ಗದರಿಸುವುದಿಲ್ಲ. ಲಂಡನ್ನಿನ ಕೊಬ್ಬಿದ ಅಕ್ಷರಗಳು ಬೀದಿಯಲ್ಲಿ ಕೂಗಿದರೆ, ಇದು ಪಕ್ಕದ ಮನೆಯ ದಪ್ಪ ಮೈಯ ಮಾವನಂತೆ ಬಾಗಿಲಲ್ಲಿ ನಿಂತು ಕರೆಯುತ್ತದೆ.

ದೂರದೃಷ್ಟಿಯುಳ್ಳ ಮುದ್ರಕರು ತಮ್ಮ ಸಮೀಪದೃಷ್ಟಿಯ ಗಿರಾಕಿಗಳಿಗಾಗಿ ಕೊಳ್ಳಬೇಕಾದ ಅಕ್ಷರ ಇದೆಂಬ ಅರ್ಥದ ಒಂದು ಮಾತು ಕೂಪರನ ಹೆಸರಿನಲ್ಲಿ ಉಳಿದುಬಂದಿದೆ. ಅದು ವ್ಯಾಪಾರದ ವಿನೋದ. ಅದರೊಳಗೆ ವಿನೋದಕ್ಕಿಂತ ಹೆಚ್ಚಿನದೊಂದು ಇದೆಯೆಂದು ನನಗೆ ಈಚೆಗೆ ತೋರಿತು.

ಅಕ್ಷರ ಹೊರಬಂದ ಕೂಡಲೇ ಅಮೆರಿಕದ ಜಾಹೀರಾತುಗಳನ್ನು ಆವರಿಸಿತು. ಸಂಪ್ರದಾಯನಿಷ್ಠ ಮುದ್ರಕರು ಕೆರಳಿದರು. ಇದನ್ನು 'ಕರಿ ಗಂಡಾಂತರ' ಎಂದು ಕರೆದರು. ಪುಟದ ಮೇಲೆ ಮಸಿಯ ಮುದ್ದೆಗಳನ್ನು ಇಟ್ಟಂತಿರುವ ಇದರಿಂದ ಮುದ್ರಣಕಲೆ ಕೆಟ್ಟಿತೆಂಬುದು ಅವರ ದೂರು. ಇಷ್ಟಾದರೂ ಕೊಳ್ಳುವವರು ಕೊಂಡರು. ಬೇರೆ ಸಂಸ್ಥೆಗಳು ಸುಮ್ಮನಿರಲಿಲ್ಲ. ಅಮೆರಿಕದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲ. ಹೆಸರೊಂದನ್ನು ಬಿಟ್ಟರೆ ಉಳಿದದ್ದನ್ನು ಹೋಲುವಂತೆ ಮಾಡಬಹುದು. ೧೯೨೪ರಲ್ಲಿ ಲಡ್ಲೋ ಸಂಸ್ಥೆಯ ಕಪ್ಪು ಅಕ್ಷರ ಬಂತು. ೧೯೨೫ರಲ್ಲಿ ಮಾನೋಟೈಪ್ ಸಂಸ್ಥೆ ಕೂಪರನಿಗೆ ಪೈಪೋಟಿಯಾಗಿ ಒಂದು ದಪ್ಪ ಅಕ್ಷರವನ್ನು ಹೊರತಂದಿತು. ಅದನ್ನು ಬರೆದುಕೊಟ್ಟವನು ಯಾರೆಂದುಕೊಂಡಿರಿ? ಫ್ರೆಡೆರಿಕ್ ಗೌಡಿ! ಶಿಷ್ಯನಿಂದ ಸೋಲುವುದನ್ನು ಗುರು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಚಿಕಾಗೊದ ಗುರುವಿಗೆ ಆ ಭಾಗ್ಯ ಸ್ವಲ್ಪ ವಿಚಿತ್ರವಾದ ರೀತಿಯಲ್ಲಿ ಒದಗಿತು. ಶಿಷ್ಯನ ಅಕ್ಷರವೇ ಜನರ ನೆನಪಿನಲ್ಲಿ ಉಳಿಯಿತು.

ಕೂಪರ್ ತೀರಿಕೊಂಡದ್ದು ೧೯೪೦ರಲ್ಲಿ. ಆ ವೇಳೆಗೆ ಕಾಲದ ರುಚಿ ಬದಲಾಗಿತ್ತು. ೧೯೨೭ರಲ್ಲಿ ಜರ್ಮನಿಯ ಪಾಲ್ ರೆನ್ನರ್ ರಚಿಸಿದ 'ಫ್ಯೂಚುರಾ'ದಂತಹ, ಅಳತೆಪಟ್ಟಿ ಕೈವಾರಗಳಿಂದ ಎಳೆದಂತಿರುವ ತೆಳ್ಳನೆಯ ನುಣುಪಾದ ಅಕ್ಷರಗಳು ಹೊಸ ಯುಗದ ಗುರುತಾಗಿದ್ದವು. ದಪ್ಪ ಮಾವ ಮೂಲೆ ಸೇರಿದ. ಅವನ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ೧೯೬೦ರ ದಶಕದಲ್ಲಿ ಅಕ್ಷರವು ಸೀಸದಿಂದ ಬಿಡುಗಡೆ ಪಡೆಯಿತು. ಛಾಯಾಚಿತ್ರದ ವಿಧಾನದಿಂದ ಅಕ್ಷರ ಜೋಡಿಸುವ ಯಂತ್ರಗಳು ಬಂದವು. ಹಾಳೆಯ ಮೇಲಿಟ್ಟು ಉಜ್ಜಿದರೆ ಅಂಟಿಕೊಳ್ಳುವ ಲೆಟ್ರಾಸೆಟ್ ಅಕ್ಷರಗಳು ಬಂದವು. ಸೀಸದ ಮೊಳೆಗೆ ಸುತ್ತ ಒಂದು ಕಟ್ಟೆಯುಂಟು. ಎರಡು ಅಕ್ಷರಗಳನ್ನು ಅದಕ್ಕಿಂತ ಹತ್ತಿರ ತರಲಾಗದು. ಕಟ್ಟೆ ಹೋದ ಮೇಲೆ ಅಕ್ಷರಗಳು ಒಂದನ್ನೊಂದು ಒತ್ತಿಕೊಂಡು ಕೂರಬಹುದಾಯಿತು. ಕೂಪರನ ಗುಂಡು ಅಕ್ಷರಗಳಿಗೆ ಇದು ಹೇಳಿಮಾಡಿಸಿದ ಕಾಲ. ೧೯೬೬ರಲ್ಲಿ ಬೀಚ್ ಬಾಯ್ಸ್ ಎಂಬ ಗಾಯಕರ ತಂಡದ 'ಪೆಟ್ ಸೌಂಡ್ಸ್' ತಟ್ಟೆಯ ಹೊದಿಕೆಯಲ್ಲಿ, ಆಡುಗಳಿಗೆ ತಿನ್ನಿಸುತ್ತಿರುವ ತರುಣರ ಚಿತ್ರದ ಮೇಲುಗಡೆ ಅದು ಕಾಣಿಸಿಕೊಂಡಿತು. ೧೯೬೮ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನ 'ಡ್ಯಾಡ್ಸ್ ಆರ್ಮಿ' ಎಂಬ ಹಾಸ್ಯಮಾಲೆಯ ಶೀರ್ಷಿಕೆಗೆ ಅದನ್ನೇ ಬಳಸಿತು. ಅದು ಎರಡನೆಯ ಮಹಾಯುದ್ಧದ ಕಾಲದ ವಯಸ್ಸಾದ ಊರಗಾವಲು ಸೈನಿಕರ ಕಥೆ. ೧೯೭೦ರ ದಶಕದಲ್ಲಿ, ಇಸ್ತ್ರಿಯ ಶಾಖದಿಂದ ಅಂಗಿಗೆ ಅಂಟಿಸುವ ಅಕ್ಷರಗಳಿಗೂ ಇದೇ ರೂಪ ಒಗ್ಗಿತು. ಬಟ್ಟೆ ಸುಕ್ಕಾದರೂ ಓದಲು ಬರುವ ಅಕ್ಷರ ಇನ್ನಾವುದುಂಟು? ೧೯೯೫ರಲ್ಲಿ ಪ್ರಾರಂಭವಾದ ಈಸಿಜೆಟ್ ಎಂಬ ವಿಮಾನ ಕಂಪನಿ ಕಿತ್ತಳೆ ಬಣ್ಣದೊಡನೆ ಇದನ್ನೇ ತನ್ನ ಹೆಸರಿಗೆ ತೊಡಿಸಿತು. ಆಮೇಲೆ ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ ತಂತ್ರಾಂಶದೊಡನೆ ಅದು ಮನೆಮನೆಯ ಕಂಪ್ಯೂಟರಿಗೆ ಇಳಿಯಿತು. ನನ್ನ ಮೊಮ್ಮಗಳ ಭಿತ್ತಿಪತ್ರಕ್ಕೂ ಇಳಿಯಿತು.

ಈಗ ಅವಳ ಮಾತಿಗೆ ಮರಳೋಣ. ಇದು ಯಾವ ಹಳೆಯ ಕಾಲ? ಅವಳಿಗೆ ಇದು ೧೯೭೦ರ ದಶಕ. ೧೯೬೮ರ ಬಿಬಿಸಿಯ ಹಾಸ್ಯದಲ್ಲಿ ಇದು ೧೯೪೦ರ ಯುದ್ಧಕಾಲದ ಕಥೆಗೆ ಮುಖವಾಯಿತು. ೧೯೨೨ರಲ್ಲಿ ಇದು ಹೊಚ್ಚ ಹೊಸದು, ಗಂಡಾಂತರ ಎನ್ನಿಸಿಕೊಳ್ಳುವಷ್ಟು ಹೊಸದು. ಆ ಹೊಸದರ ಒಳಗೇ ಹದಿನೈದನೆಯ ಶತಮಾನದ ವೆನಿಸಿನ ವಾಲಿಕೆ ಅಡಗಿತ್ತು. ಒಂದು ತಲೆಮಾರು ಉಪದ್ರವವೆಂದು ದೂರಿದ್ದನ್ನು ಮತ್ತೊಂದು ತಲೆಮಾರು ಅಜ್ಜಿಯ ಮನೆಯೆಂದು ಅಪ್ಪಿಕೊಳ್ಳುತ್ತದೆ. ಸಾಹಿತ್ಯದಲ್ಲಿಯೂ ಹೀಗೆಯೇ ಅಲ್ಲವೇ? ನವೋದಯವನ್ನು ಹಳೆಯ ಪಂಡಿತರು ಗೊಣಗುತ್ತಲೇ ಬರಮಾಡಿಕೊಂಡರು. ಇಂದು ನವೋದಯವೆಂದರೆ ನಮಗೆ ಹಿರಿಯರ ಜಗುಲಿ.

ಆದರೆ ಹಳೆಯದೆಲ್ಲವೂ ಹೀಗೆ ಮರಳಿ ಬರುವುದಿಲ್ಲ. ಇದೇಕೆ ಬಂತು? ಇದಕ್ಕೆ ಉತ್ತರ ಕೂಪರನ ವಿಚಾರದಲ್ಲಿಯೇ ಇದೆ. ಅತಿ ಕುಶಲವಾದ, ಅತಿ ನಯವಾದ ಅಕ್ಷರಗಳಿಗೆ ಆಯುಷ್ಯ ಕಡಮೆಯೆಂದು ಅವನು ನಂಬಿದ್ದ. ಹದಿನೆಂಟನೆಯ ಶತಮಾನದ ಮೊದಲನೆಯ ವಿಲಿಯಂ ಕ್ಯಾಸ್ಲನ್ನನ ಅಕ್ಷರಗಳು ಬಾಳಿದ್ದು ಅವುಗಳ ಒರಟುತನದಿಂದಲೇ. ಅವನ್ನು ಆಮೇಲಿನವರು ತಿದ್ದಿದಷ್ಟು ಅವನೇ ತಿದ್ದಿದ್ದರೆ ಅವು ಉಳಿಯುತ್ತಿರಲಿಲ್ಲ. ಏಕೆಂದರೆ ಅಕ್ಷರವನ್ನು ಕೊಂಡು ಬಳಸುವ ಮನುಷ್ಯರು ಅಪೂರ್ಣರು, ಅವರಿಗೆ ನುಣುಪಾದ ಪರಿಪೂರ್ಣತೆ ಬೇಗ ಬೇಸರ ತರುತ್ತದೆ—ಎಂಬುದು ಅವನ ವಾದದ ಸಾರ. ಮುದ್ರಕನ ಕುಂದನ್ನೂ ಓದುಗನ ಕಣ್ಣಿನ ಕುಂದನ್ನೂ ಮುಂಚಿತವಾಗಿಯೇ ಮನ್ನಿಸಿದ ಅಕ್ಷರವನ್ನು ಅವನು ಮಾಡಿದ. ಮನ್ನಿಸುವ ಗುಣವಿದ್ದುದರಿಂದ ಅದು ಉಳಿಯಿತು.

ಈ ಗುಣವನ್ನು ನಮ್ಮ ಲಿಪಿಗೆ ತರುವುದು ಸುಲಭವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕನ್ನಡ ಲಿಪಿ ಹುಟ್ಟಾ ಗುಂಡು. ಆದ್ದರಿಂದ ದಪ್ಪ ಮಾಡಿದರಾಯಿತೆಂದು ತೋರಬಹುದು. ಆದರೆ ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ ಎಷ್ಟೋ ಕಡೆ ಇರುವುದು ಹೊಟ್ಟೆಯಡಿಯ ಒಂದು ಸಣ್ಣ ಸೀಳು. ಗೆರೆ ದಪ್ಪವಾಗಿ, ಮಸಿ ಹರಡಿ ಆ ಸೀಳು ಮುಚ್ಚಿತೋ, 'ಧನ' ಹೋಗಿ 'ದನ' ಬಂದು ನಿಲ್ಲುತ್ತದೆ! ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ಇಂಗ್ಲಿಷಿನ ಬಾಲವನ್ನು ಮೊಟಕುಗೊಳಿಸಿದಂತೆ ನಮ್ಮ ಒತ್ತನ್ನು ಮೊಟಕುಗೊಳಿಸಲಾಗದು. ಅದಕ್ಕಾಗಿಯೇ ಸೀಸದ ಮೊಳೆಗಳ ಕಾಲದಲ್ಲಿ ನಮ್ಮ ಪತ್ರಿಕೆಗಳ ದೊಡ್ಡ ತಲೆಬರಹಗಳನ್ನೂ ಸಿನಿಮಾ ಭಿತ್ತಿಪತ್ರಗಳನ್ನೂ ಕಲಾವಿದರು ಕೈಯಿಂದಲೇ ಬರೆದದ್ದುಂಟು. ಎಲ್ಲಿ ದಪ್ಪವಾಗಬೇಕು, ಎಲ್ಲಿ ಗಾಳಿ ಬಿಡಬೇಕು ಎಂಬುದನ್ನು ಅವರ ಕೈ ಬಲ್ಲದಾಗಿತ್ತು.

ಕೊನೆಗೆ, ನಾನು ಒಪ್ಪಿಸಬೇಕೆಂದಿದ್ದ ಲೆಕ್ಕ. ೧೯೮೫ರ ಸುಮಾರಿಗೆ ನಾನು ಎಳೆಯ ಅಧ್ಯಾಪಕ. ನನ್ನ ಗುರುಗಳೊಬ್ಬರಿಗೆ ಅಭಿನಂದನ ಸಂಪುಟವೊಂದನ್ನು ಅಚ್ಚು ಹಾಕಿಸುವ ಹೊಣೆ ನನ್ನ ಮೇಲೆ ಬಿತ್ತು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ರಕ್ಷಾಪತ್ರದ ಹೆಸರನ್ನು ಬಹಳ ದೊಡ್ಡದಾದ, ಬಹಳ ದಪ್ಪವಾದ ಅಕ್ಷರಗಳಲ್ಲಿ ಬರೆಯಿಸಿ, ಬ್ಲಾಕು ಮಾಡಿಸಿ ಕರಡು ತೆಗೆದಿದ್ದರು. ನನಗೆ ಸಿಟ್ಟು ಬಂತು. ವಿದ್ವತ್ತಿನ ಪುಸ್ತಕಕ್ಕೆ ಸಂತೆಯ ಅಕ್ಷರವೇ? ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು, 'ಚಿಕ್ಕದು, ತೆಳುವಾದದ್ದು' ಎಂದು ಬರೆದೆ. ಅವರು ಕರಡನ್ನು ನೋಡಿ, "ನಿಮ್ಮ ಮೇಷ್ಟ್ರನ್ನು ಮೊನ್ನೆ ರಸ್ತೆಯಲ್ಲಿ ನೋಡಿದೆ ಸ್ವಾಮಿ" ಎಂದಷ್ಟೇ ಹೇಳಿದರು. ನಾನು ಆ ಮಾತಿನ ಜಾಡು ಹಿಡಿಯಲಿಲ್ಲ. ನಾನು ಹೇಳಿದಂತೆಯೇ ಅಚ್ಚಾಯಿತು.

ಸಮಾರಂಭದ ದಿನ ಗುರುಗಳ ಕೈಗೆ ಸಂಪುಟವನ್ನು ಇತ್ತೆವು. ಅವರು ಅದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿನ ಕಡೆಗೆ ತಿರುಗಿಸಿದರು. ಆಮೇಲೆ ರಕ್ಷಾಪತ್ರದ ಮೇಲೆ ಮೆಲ್ಲಗೆ ಕೈಯಾಡಿಸುತ್ತ ನನ್ನ ಕಡೆಗೆ ಬಾಗಿ, "ಹೆಸರು ಏನಿಟ್ಟಿದ್ದೀರಪ್ಪ?" ಎಂದು ಕೇಳಿದರು. ಅವರ ದೃಷ್ಟಿ ಅಷ್ಟು ಕುಂದಿದ್ದುದು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದ ನನಗೆ ತಿಳಿದಿರಲಿಲ್ಲ. ರಸ್ತೆಯಲ್ಲಿ ಒಮ್ಮೆ ನೋಡಿದ ಮೊಳೆ ಜೋಡಿಸುವವರಿಗೆ ತಿಳಿದಿತ್ತು.

ನನಗೀಗ ಅರುವತ್ತು ದಾಟಿ ಕೆಲವು ವರ್ಷಗಳಾದವು. ಕಳೆದ ವರ್ಷ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿಯಿದೆ. ಬೆಳಗಿನ ಪತ್ರಿಕೆ ಬಂದಾಗ ಮೊದಲು ನನಗೆ ದಕ್ಕುವುದು ಅದರ ದಪ್ಪ ತಲೆಬರಹ. ಕನ್ನಡಕ ಹುಡುಕಿದ ಮೇಲೆ ಉಳಿದದ್ದು. ಮೊಮ್ಮಗಳು ತನ್ನ ಭಿತ್ತಿಪತ್ರವನ್ನು ಗೋಡೆಗೆ ಒರಗಿಸಿ, "ಕಾಣುತ್ತದೆಯೇ ತಾತ?" ಎಂದು ಕೇಳಿದಳು. ನಾನು ಕೋಣೆಯ ಈ ಕಡೆಯ ಕುರ್ಚಿಯಲ್ಲಿ ಕುಳಿತೇ, ಕನ್ನಡಕವಿಲ್ಲದೆ, ಅದನ್ನು ಪೂರ್ತಿಯಾಗಿ ಓದಿದೆ.